ಒಂದೇ ಸ್ವೆಟರ್ ಎರಡು ಸಲ: ಸ್ವಾಚ್ ತೊಳೆಯದೆ ಹೊರಟ ಒಂದು ಪ್ರಕರಣ

ಬ್ಲೌಸ್ ಹೊಲಿಯೋಕೆ ಕೊಡುವ ಮುಂಚೆ ಲೈನಿಂಗ್ ಬಟ್ಟೆಯನ್ನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಕೊಡುತ್ತೇವೆ. ಸೀರೆಗೆ ಹಚ್ಚುವ ಫಾಲ್ ಕೂಡ ಹಾಗೇ. ಟೈಲರ್ ಅಂಗಡಿಯಲ್ಲಿ ಮೊದಲು ಕೇಳುವುದೇ "ನೀರಿಗೆ ಹಾಕಿದೀರಾ?" ಅಂತ. ಹಾಕದೆ ಹೊಲಿಸಿದರೆ ಮೊದಲ ಒಗೆತಕ್ಕೇ ಲೈನಿಂಗ್ ಕುಗ್ಗುತ್ತದೆ, ಮೇಲಿನ ಬಟ್ಟೆ ಸುಕ್ಕು ಕಟ್ಟುತ್ತದೆ. ನಾನು ಮೂವತ್ತು ವರ್ಷದಿಂದ ಇದನ್ನು ತಪ್ಪದೆ ಮಾಡಿದ್ದೇನೆ. ಆದರೆ ಉಣ್ಣೆಯ ಸ್ವೆಟರ್ ಹೆಣೆಯಲು ಕೂತಾಗ ಇದೇ ಮಾತು ನೆನಪಾಗಲಿಲ್ಲ. ಎರಡು ತಿಂಗಳು ಹೆಣೆದದ್ದನ್ನು ಪೂರ್ತಿ ಬಿಚ್ಚಬೇಕಾಯಿತು. ಏನಾಯಿತು, ಯಾಕಾಯಿತು, ಎರಡನೇ ಸಲ ಹೇಗೆ ಸರಿಯಾಯಿತು ಅನ್ನುವುದನ್ನು ಅಳತೆಗಳ ಸಮೇತ ಬರೆಯುತ್ತಿದ್ದೇನೆ.

ನಮ್ಮ ಅಕ್ಕನ ಮಗ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಜುಲೈನಲ್ಲಿ ಬೆಂಗಳೂರಿಗೆ ಬಂದಾಗ ಆರು ಉಂಡೆ ಉಲ್ಲನ್ ತಂದುಕೊಟ್ಟ. "ಚಿಕ್ಕಿ, ಚಳಿಗಾಲಕ್ಕೆ ನಿನ್ನ ಕೈಯಲ್ಲಿ ಒಂದು ಸ್ವೆಟರ್ ಬೇಕು" ಅಂದ. ಕಡು ನೀಲಿ ಬಣ್ಣ, ಪೂರ್ತಿ ಮೆರಿನೋ ಉಣ್ಣೆ. ಒಂದೊಂದು ಉಂಡೆ 100 ಗ್ರಾಂ, ಸುಮಾರು 220 ಮೀಟರ್ ದಾರ. ಲೇಬಲ್ಲಿನಲ್ಲಿ ಸೂಪರ್‌ವಾಶ್ ಅಂತ ಇತ್ತು. ಮಷೀನಿಗೆ ಹಾಕಬಹುದು ಅನ್ನುವ ಅರ್ಥದಲ್ಲಿ ಅದನ್ನು ಓದಿಕೊಂಡೆ, ಅಷ್ಟೇ.

ಅವನ ಎದೆ ಸುತ್ತಳತೆ 96 ಸೆಂಟಿಮೀಟರ್. ಒಳಗೆ ಶರ್ಟು ಹಾಕಿದರೂ ಸಡಿಲವಾಗಿರಲಿ ಅಂತ 8 ಸೆಂಟಿಮೀಟರ್ ಜಾಸ್ತಿ ಹಿಡಿದು 104 ಅಂತ ತೀರ್ಮಾನಿಸಿದೆವು. ಮಾದರಿ ಪ್ರಕಾರ 4 ಮಿಲಿಮೀಟರ್ ಕಡ್ಡಿಯಲ್ಲಿ 10 ಸೆಂಟಿಮೀಟರಿಗೆ 22 ಸ್ಟಿಚ್, 30 ಸಾಲು ಬರಬೇಕು. ಈ ಲೆಕ್ಕಕ್ಕೇ ಗೇಜ್ ಅನ್ನುವುದು. ಅದನ್ನು ನೋಡಿಕೊಳ್ಳಲು ಅದೇ ದಾರ, ಅದೇ ಕಡ್ಡಿಯಲ್ಲಿ ಮೊದಲು ಒಂದು ಚಿಕ್ಕ ಚೌಕ ಹೆಣೆಯುತ್ತೇವೆ. ಅದು ಸ್ವಾಚ್.

ನಾನು ಸ್ವಾಚ್ ಹೆಣೆಯಲಿಲ್ಲ ಅಂತಲ್ಲ. 30 ಸ್ಟಿಚ್ ಹಾಕಿ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಹೆಣೆದೆ. ಕಡ್ಡಿಯಿಂದ ತೆಗೆದು, ಊಟದ ಮೇಜಿನ ಮೇಲೆ ಅಂಗೈಯಲ್ಲಿ ಸವರಿ, ಟೇಪು ಇಟ್ಟೆ. ಸರಿಯಾಗಿ 22 ಸ್ಟಿಚ್, 30 ಸಾಲು. ಖುಷಿಯಾಯಿತು. ಚೌಕವನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ, ಸ್ವೆಟರಿಗೆ 228 ಸ್ಟಿಚ್ ಹಾಕಿ ಶುರು ಮಾಡಿಯೇಬಿಟ್ಟೆ. ಆ ಡಬ್ಬಿಗೆ ಹಾಕಿದ್ದು ಮಾತ್ರ ಒಳ್ಳೆಯದಾಯಿತು. ಮುಂದೆ ಕಾರಣ ಹುಡುಕಲು ಅದೇ ಕೈಗೆ ಬಂತು.

ಹೆಣೆಯುವಾಗ ಎಲ್ಲೂ ಅನುಮಾನ ಬರಲಿಲ್ಲ. ಆಗಾಗ ಟೇಪು ಹಿಡಿದು ನೋಡುತ್ತಿದ್ದೆ. ಸುತ್ತಳತೆ 103, 104. ಕಂಕುಳವರೆಗೆ 38 ಸೆಂಟಿಮೀಟರ್ ಬೇಕಿತ್ತು, 114 ಸಾಲಿಗೆ ಅಷ್ಟೇ ಬಂತು. ತೋಳು 138 ಸಾಲು, 46 ಸೆಂಟಿಮೀಟರ್. ಅಳತೆಗೆ ಅಂತ ಅವನು ಬಿಟ್ಟುಹೋಗಿದ್ದ ಹಳೆಯ ಸ್ವೆಟರ್ ಮೇಲೆ ಇಟ್ಟು ನೋಡಿದರೆ ಅಂಚಿಗೆ ಅಂಚು ಕೂರುತ್ತಿತ್ತು. ಸೆಪ್ಟೆಂಬರ್ ನಡುವಿಗೆ ಮುಗಿಯಿತು.

ಕಳಿಸುವ ಮುಂಚೆ ಒಂದು ಸಲ ತೊಳೆದು ಕೊಡೋಣ ಅಂತ ಬೇಸಿನ್ನಿನಲ್ಲಿ ಉಣ್ಣೆ ಬಟ್ಟೆಯ ಲಿಕ್ವಿಡ್ ಹಾಕಿ ನೆನೆಸಿದೆ. ಅರ್ಧ ಗಂಟೆ ಬಿಟ್ಟು ಎತ್ತಿದಾಗಲೇ ಎದೆ ಧಸಕ್ಕೆಂದಿತು. ಒದ್ದೆ ಸ್ವೆಟರ್ ಭಾರ ಇರುವುದು ಸಹಜ. ಆದರೆ ಇದು ಕೈಯಿಂದ ಜಾರಿ ಜಾರಿ ಕೆಳಗೆ ಇಳಿಯುತ್ತಿತ್ತು, ತೋಳು ಉದ್ದಕ್ಕೆ ನೇತಾಡುತ್ತಿತ್ತು. ಟವೆಲ್‌ನಲ್ಲಿ ಸುತ್ತಿ ನೀರು ಹಿಂಡಿ, ಚಾಪೆಯ ಮೇಲೆ ಹರಡಿ, ಫ್ಯಾನ್ ಹಾಕಿದೆ. ಒಣಗಿದ ಮೇಲೆ ಸರಿಹೋಗಬಹುದು ಅಂದುಕೊಂಡೆ. ಎರಡು ದಿನ ಬಿಟ್ಟು ಅಳೆದರೆ ಸುತ್ತಳತೆ 114. ಕಂಕುಳವರೆಗೆ 42. ತೋಳು 51.

ನಮ್ಮನೆಯವರಿಗೂ ಅವನಿಗೂ ಮೈಕಟ್ಟು ಹೆಚ್ಚು ಕಡಿಮೆ ಒಂದೇ. ಅವರಿಗೆ ಹಾಕಿಸಿ ವೀಡಿಯೋ ಕಾಲ್‌ನಲ್ಲಿ ತೋರಿಸಿದೆ. "ಚಿಕ್ಕಿ, ಚಿಕ್ಕಪ್ಪನ ಬೆರಳೇ ಕಾಣ್ತಿಲ್ವಲ್ಲ" ಅಂದ. ಆಮೇಲೆ ನನಗೆ ಬೇಜಾರಾಗಬಾರದು ಅಂತ "ಪರವಾಗಿಲ್ಲ, ತೋಳು ಮಡಚಿಕೊಳ್ತೀನಿ ಬಿಡು" ಅಂದ. ತೋಳೇನೋ ಮಡಚಬಹುದು. ಭುಜ ಜಾರಿ ತೋಳಿಗೆ ಬಂದಿದ್ದನ್ನು ಎಲ್ಲಿ ಮಡಚುವುದು?

ಪಕ್ಕದ ಫ್ಲ್ಯಾಟಿನವರ ಮನೆಯಲ್ಲಿ ಡ್ರೈಯರ್ ಇದೆ. ಸೂಪರ್‌ವಾಶ್ ಉಣ್ಣೆ ಹಿಗ್ಗಿದರೆ ಡ್ರೈಯರಿನ ಹದವಾದ ಬಿಸಿಯಲ್ಲಿ ಉರುಳಿಸಿದಾಗ ಮತ್ತೆ ಒಂದಿಷ್ಟು ಒಳಗೆ ಬರುತ್ತದೆ. ಇದು ನಿಜ, ನಾನೇ ನೋಡಿದೆ. ಒದ್ದೆ ಮಾಡಿ ಕಾಲು ಗಂಟೆ ಹಾಕಿದಾಗ 114 ಇದ್ದದ್ದು 109ಕ್ಕೆ ಬಂತು. ಆದರೆ ಮೈತುಂಬ ಸಣ್ಣ ಜುಂಗು ಎದ್ದಿತು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಪ್ರತಿ ಸಲ ತೊಳೆದಾಗಲೂ ಅದು ಮತ್ತೆ ಹಿಗ್ಗುತ್ತದೆ, ಮತ್ತೆ ಡ್ರೈಯರಿಗೆ ಹಾಕಬೇಕು. ಅವನ ಮನೆಯಲ್ಲಿ ಡ್ರೈಯರ್ ಇಲ್ಲ. ಬಟ್ಟೆ ಒಣಗಿಸುವ ಸ್ಟ್ಯಾಂಡ್ ಮಾತ್ರ. ಹಾಗಾಗಿ ಆ ದಾರಿ ಅಲ್ಲಿಗೇ ಮುಚ್ಚಿತು.

ತಪ್ಪು ಎಲ್ಲಾಗಿದೆ ಅಂತ ತಿಳಿಯದೆ ಮತ್ತೆ ಶುರು ಮಾಡಿ ಪ್ರಯೋಜನ ಇರಲಿಲ್ಲ. ನನ್ನ ಕೈ ಮಧ್ಯದಲ್ಲಿ ಸಡಿಲವಾಯಿತೇ? ಸ್ವಾಚ್ ಚಪ್ಪಟೆಯಾಗಿ ಹೆಣೆದು, ಸ್ವೆಟರನ್ನು ಸುತ್ತಾಗಿ ಹೆಣೆದದ್ದು ಕಾರಣವೇ? ಅಥವಾ ನೀರೇ ಕಾರಣವೇ? ಆಗ ಬಿಸ್ಕತ್ತಿನ ಡಬ್ಬಿ ನೆನಪಾಯಿತು. ಅದರಲ್ಲಿದ್ದ ಚೌಕ ಸ್ವೆಟರಿನ ಜೊತೆಗೇ ಹುಟ್ಟಿದ್ದು, ಆದರೆ ನೀರು ಕಂಡಿರಲಿಲ್ಲ.

ಅದರ ನಡುವೆ 20 ಸ್ಟಿಚ್ ಅಗಲಕ್ಕೆ ಬಿಳಿ ನೂಲಿನಲ್ಲಿ ಗುರುತು ಹಾಕಿದೆ. ಒಣ ಅಳತೆ 9.1 ಸೆಂಟಿಮೀಟರ್. ಬಟ್ಟಲಲ್ಲಿ ನೀರು ತುಂಬಿ ಮೇಲೆ ಬಿಟ್ಟೆ. ಮೊದಲು ಸ್ವಲ್ಪ ಹೊತ್ತು ತೇಲಿತು. ಉಣ್ಣೆಗೆ ತಕ್ಷಣ ನೀರು ಹಿಡಿಯುವುದಿಲ್ಲ, ನಿಧಾನಕ್ಕೆ ಕುಡಿಯುತ್ತದೆ. ಅಂಚಿನಿಂದ ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಹತ್ತು ನಿಮಿಷದಲ್ಲಿ ತಾನಾಗಿ ತಳಕ್ಕೆ ಇಳಿಯಿತು. ಆಗ ನೋಡಬೇಕಿತ್ತು. ಒಣಗಿದ್ದಾಗ ಒಂದಕ್ಕೊಂದು ಒತ್ತಿ ಕೂತಿದ್ದ ಕುಣಿಕೆಗಳು ನೀರಿನಲ್ಲಿ ಬಾಯಿ ಬಿಟ್ಟಿದ್ದವು. ಸುರುಳಿ ಸುತ್ತುತ್ತಿದ್ದ ಅಂಚುಗಳು ಮೆತ್ತಗೆ ಚಪ್ಪಟೆಯಾಗಿದ್ದವು. ಒಂದು ದಿನ ಒಣಗಿಸಿ ಮತ್ತೆ ಟೇಪು ಇಟ್ಟೆ. ಅದೇ 20 ಸ್ಟಿಚ್, ಈಗ ಸರಿಯಾಗಿ 10 ಸೆಂಟಿಮೀಟರ್. ಉದ್ದದಲ್ಲಿ 10 ಸೆಂಟಿಮೀಟರಿಗೆ 30 ಇದ್ದ ಸಾಲು 27 ಆಗಿತ್ತು.

228 ಸ್ಟಿಚ್ಚನ್ನು 10 ಸೆಂಟಿಮೀಟರಿಗೆ 20ರಂತೆ ಹಾಕಿದರೆ 114 ಸೆಂಟಿಮೀಟರ್. 114 ಸಾಲನ್ನು 27ರಂತೆ ಹಾಕಿದರೆ 42. ತೋಳಿನ 138 ಸಾಲಿಗೆ 51. ಚಾಪೆಯ ಮೇಲೆ ಅಳೆದ ಮೂರೂ ಅಂಕಿಗಳು ಆ ಅಂಗೈಯಷ್ಟು ಚೌಕದಲ್ಲಿ ಇದ್ದವು. ಒಂದು ಬಟ್ಟಲು ನೀರು, ಒಂದು ದಿನ ತಾಳ್ಮೆ ಇದ್ದಿದ್ದರೆ ಜುಲೈನಲ್ಲೇ ಗೊತ್ತಾಗುತ್ತಿತ್ತು. ಅವತ್ತು ಸಂಜೆ ಆ ಲೆಕ್ಕ ಬರೆದ ಕಾಗದ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ.

ಇದು ಯಾಕೆ ಹೀಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುರಿಯ ಉಣ್ಣೆಯ ಒಂದೊಂದು ಎಳೆಯ ಮೇಲೂ ಮೀನಿನ ಹುರುಪೆಯಂತೆ ಸಣ್ಣ ಪದರಗಳಿರುತ್ತವೆ. ಮಾಡಿನ ಹೆಂಚು ಒಂದರ ಮೇಲೊಂದು ಕೂತ ಹಾಗೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಈ ಪದರಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಬಟ್ಟೆ ಕುಗ್ಗಿ ದಪ್ಪ ಹಾಸಿನಂತಾಗುತ್ತದೆ. ಅದನ್ನು ತಪ್ಪಿಸಲೆಂದೇ ಸೂಪರ್‌ವಾಶ್ ಮಾಡುವುದು. ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ ಕ್ಲೋರಿನ್‌ನಿಂದ ಪದರಗಳ ಚೂಪು ತೆಗೆದು, ಮೇಲೆ ತೆಳ್ಳಗೆ ಒಂದು ರಾಳದ ಲೇಪ ಕೊಡುತ್ತಾರೆ. ಆಮೇಲೆ ಎಳೆಗಳು ಒಂದನ್ನೊಂದು ಕಚ್ಚುವುದಿಲ್ಲ, ಮಷೀನಿಗೆ ಹಾಕಿದರೂ ಕುಗ್ಗುವುದಿಲ್ಲ. ಆದರೆ ಕುಣಿಕೆ ಇದ್ದಲ್ಲೇ ನಿಲ್ಲೋಕೆ ಸಹಾಯ ಮಾಡುತ್ತಿದ್ದದ್ದೂ ಅದೇ ಹಿಡಿತ, ಅಲ್ವಾ? ಅದು ಹೋದ ಮೇಲೆ ನೀರಿನ ಭಾರಕ್ಕೆ ಎಳೆಗಳು ಸಲೀಸಾಗಿ ಜಾರುತ್ತವೆ. ಮೆರಿನೋ ಎಳೆ ಮೊದಲೇ ನಯ. ಅದರ ಮೇಲೆ ಈ ಲೇಪ ಬೇರೆ.

ನನ್ನ ಅಭ್ಯಾಸದ ಮೂಲವೂ ಆಗ ಅರ್ಥವಾಯಿತು. ನಾನು ಹೆಣಿಗೆ ಕಲಿತದ್ದು ಸ್ಕೂಲಿನ ಕ್ರಾಫ್ಟ್ ಪೀರಿಯಡ್‌ನಲ್ಲಿ. ಅಂದಿನಿಂದ ಚಿಕ್ಕಪೇಟೆಯಲ್ಲಿ ಕೊಂಡು ಹೆಣೆದ ಉಂಡೆಗಳೆಲ್ಲ ಹೆಚ್ಚಾಗಿ ಅಕ್ರಿಲಿಕ್. ನಾವು ಬಾಯಿಮಾತಿಗೆ ಎಲ್ಲವನ್ನೂ ಉಲ್ಲನ್ ಅಂತಲೇ ಕರೆಯುತ್ತೇವೆ. ಅಕ್ರಿಲಿಕ್ ತಣ್ಣೀರಲ್ಲಿ ತೊಳೆದರೆ ಹೆಚ್ಚು ಬದಲಾಗುವುದಿಲ್ಲ. ಕಡ್ಡಿಯಿಂದ ತೆಗೆದಾಗ ಎಷ್ಟಿತ್ತೋ ಸುಮಾರು ಅಷ್ಟೇ ಇರುತ್ತದೆ. ಅದು ಕೆಡುವುದು ಬಿಸಿಗೆ. ಇಸ್ತ್ರಿಯ ಹಬೆ ಜಾಸ್ತಿ ತಾಗಿತೋ, ಜೋತುಬಿದ್ದು ಶಾಶ್ವತವಾಗಿ ಹಾಗೇ ಉಳಿಯುತ್ತದೆ. ಹೀಗೆ ಅಕ್ರಿಲಿಕ್ ಕಲಿಸಿದ ಪಾಠವನ್ನು ನಾನು ಕುರಿಯ ಉಣ್ಣೆಯ ಮೇಲೆ ಹೇರಿದ್ದೆ. ನನ್ನಂತೆ ಕಲಿತವರು ನಮ್ಮಲ್ಲಿ ತುಂಬ ಜನ ಇದ್ದಾರೆ. ಈಗ ಒಳ್ಳೆಯ ಉಣ್ಣೆ ಸುಲಭವಾಗಿ ಸಿಗುತ್ತಿದೆ, ಮಕ್ಕಳು ಹೊರದೇಶದಿಂದ ತಂದುಕೊಡುತ್ತಾರೆ. ಅದಕ್ಕೇ ಇದನ್ನು ಇಷ್ಟು ಒತ್ತಿ ಹೇಳುತ್ತಿರುವುದು.

ನಮ್ಮ ಕಡೆಯವರಿಗೆ ಉಣ್ಣೆಗೂ ನೀರಿಗೂ ಇರುವ ಸಂಬಂಧ ಹೊಸದೇನಲ್ಲ. ಕುರುಬರ ಕಂಬಳಿ ನೇಯುವಾಗ ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಅದರಿಂದಲೇ ಹೊಸ ಕಂಬಳಿ ಬಿರುಸು. ನೀರು ಕಂಡ ಮೇಲೆ ಅದರ ಹದವೇ ಬೇರೆ. ನೇಯ್ಗೆ ಬೇರೆ, ಹೆಣಿಗೆ ಬೇರೆ, ನಿಜ. ಆದರೆ ತೊಳೆಯುವ ಮುಂಚೆ ಉಣ್ಣೆಯ ಗುಣ ಪೂರ್ತಿ ಗೊತ್ತಾಗುವುದಿಲ್ಲ ಅನ್ನುವುದು ಎರಡರಲ್ಲೂ ಒಂದೇ.

ಇನ್ನು ಎರಡನೇ ಸುತ್ತು. ಬಿಚ್ಚುವುದಕ್ಕೆ ಎರಡು ಸಂಜೆ ಹಿಡಿಯಿತು. ಬಿಚ್ಚಿದ ದಾರ ಬೇಯಿಸಿದ ನೂಡಲ್ಸ್ ಥರ ಗುಂಗುರು ಗುಂಗುರಾಗಿರುತ್ತದೆ. ಅದನ್ನು ಹಾಗೇ ಹೆಣೆದರೆ ಸ್ಟಿಚ್ ಸಮ ಬರುವುದಿಲ್ಲ, ಗೇಜ್ ಕೂಡ ಸುಳ್ಳು. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೀರಲ್ಲಿ ನೆನೆಸಿ, ನೆರಳಲ್ಲಿ ನೇತುಹಾಕಿದೆ. ಗುಂಗುರು ಬಿಟ್ಟು ದಾರ ನೆಟ್ಟಗಾಯಿತು. ಒಣಗಿದ ಮೇಲೆ ಮತ್ತೆ ಉಂಡೆ ಸುತ್ತುವಾಗ ಬಿಗಿ ಮಾಡಲಿಲ್ಲ. ಬಿಗಿಯಾಗಿ ಸುತ್ತಿದರೆ ಉಣ್ಣೆ ಎಳೆದುಕೊಂಡೇ ಕೂತಿರುತ್ತದೆ.

ಈ ಸಲ ಕಡ್ಡಿ ಹಿಡಿಯುವ ಮುಂಚೆ ಅವನಿಗೆ ಫೋನ್ ಮಾಡಿದೆ. "ನೀನು ಸ್ವೆಟರ್ ಹೇಗೆ ಒಗೀತೀಯ, ನಿಜ ಹೇಳು" ಅಂತ ಕೇಳಿದೆ. ಕೈಯಲ್ಲಿ ಒಗೆಯುವ ಪುರುಸೊತ್ತಿಲ್ಲ, ಮಷೀನಿನ ಉಣ್ಣೆ ಪ್ರೋಗ್ರಾಮ್‌ನಲ್ಲಿ 30 ಡಿಗ್ರಿಯಲ್ಲಿ ಹಾಕಿ, ಸ್ಟ್ಯಾಂಡಿನ ಮೇಲೆ ಚಪ್ಪಟೆಯಾಗಿ ಹರಡುತ್ತೇನೆ ಅಂದ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದೇ. ಸ್ವಾಚನ್ನು ನಾನು ಮುದ್ದು ಮಾಡಿ ತಣ್ಣೀರಲ್ಲಿ ಅದ್ದಿ ತೆಗೆದು, ಸ್ವೆಟರನ್ನು ಅವನು ಮಷೀನಿಗೆ ಹಾಕಿದರೆ ನನ್ನ ಅಳತೆಗೆ ಏನು ಅರ್ಥ? ಸ್ವೆಟರಿಗೆ ಏನೇನು ಆಗಲಿದೆಯೋ ಅದೆಲ್ಲ ಮೊದಲು ಸ್ವಾಚಿಗೆ ಆಗಬೇಕು.

ಈ ಸಲ ದೊಡ್ಡ ಸ್ವಾಚ್ ಹೆಣೆದೆ. 3.5 ಮಿಲಿಮೀಟರ್ ಕಡ್ಡಿ, 40 ಸ್ಟಿಚ್. ಅಂಚಿನ ಸ್ಟಿಚ್‌ಗಳು ಯಾವಾಗಲೂ ಸೊಟ್ಟ ಇರುತ್ತವೆ, ಅವನ್ನು ಬಿಟ್ಟು ನಡುವೆ ಅಳೆಯೋಕೆ ಜಾಗ ಬೇಕು. ಸ್ವೆಟರ್ ಸುತ್ತಾಗಿ ಹೆಣೆಯುವುದರಿಂದ ಸ್ವಾಚಿನಲ್ಲೂ ಪರ್ಲ್ ಸಾಲು, ಅಂದರೆ ಉಲ್ಟಾ ಹೆಣಿಗೆಯ ಸಾಲು ಬರಬಾರದು. ತುಂಬ ಜನರ ಕೈ ಪರ್ಲ್ ಹೆಣೆಯುವಾಗ ಸಡಿಲವಾಗುತ್ತದೆ, ನನ್ನದೂ ಹೌದು. ಅದಕ್ಕೆ ಪ್ರತಿ ಸಾಲು ಮುಗಿದ ಮೇಲೆ ತಿರುಗಿಸದೆ, ಸ್ಟಿಚ್‌ಗಳನ್ನು ಸರ್ಕ್ಯುಲರ್ ಕಡ್ಡಿಯ (ಎರಡು ಕಡ್ಡಿಗಳನ್ನು ಬಾಗುವ ತಂತಿಯಿಂದ ಜೋಡಿಸಿದ್ದು) ಇನ್ನೊಂದು ತುದಿಗೆ ಸರಿಸಿ, ದಾರವನ್ನು ಹಿಂದುಗಡೆ ಉದ್ದಕ್ಕೆ ಸಡಿಲ ಬಿಟ್ಟು, ಮತ್ತೆ ಬಲಗಡೆಯಿಂದಲೇ ನಿಟ್, ಅಂದರೆ ಸೀದಾ ಹೆಣಿಗೆ ಹೆಣೆದೆ. ನೋಡಲು ಹಿಂಭಾಗ ಏಣಿಯ ಹಾಗೆ ಕಾಣುತ್ತದೆ, ಇರಲಿ.

ಮಧ್ಯದಲ್ಲಿ 22 ಸ್ಟಿಚ್, 30 ಸಾಲಿನ ಚೌಕಕ್ಕೆ ಬಿಳಿ ನೂಲು ಹಾಕಿದೆ. ತೊಳೆಯುವ ಮುಂಚೆ ಅಗಲ 9.2, ಉದ್ದ 9.1. ಬಲೆ ಚೀಲಕ್ಕೆ ಹಾಕಿ, ಬೇರೆ ಬಟ್ಟೆಗಳ ಜೊತೆ ನಮ್ಮ ಮಷೀನಿನ ಉಣ್ಣೆ ಪ್ರೋಗ್ರಾಮಿಗೆ ಬಿಟ್ಟೆ. ತೆಗೆದು ಟವೆಲ್ ಮೇಲೆ ಸುಮ್ನೆ ಹರಡಿದೆ. ಗುಂಡುಸೂಜಿ ಚುಚ್ಚಲಿಲ್ಲ. ಲೇಸ್ ವಿನ್ಯಾಸಕ್ಕೆ ಸೂಜಿ ಹಾಕಿ ಎಳೆದು ಒಣಗಿಸಲೇಬೇಕು, ಅಲ್ಲಿ ಸ್ವೆಟರನ್ನೂ ಹಾಗೇ ಒಣಗಿಸುತ್ತೇವೆ. ಸಾದಾ ಹೆಣಿಗೆಯನ್ನು ಬೇಕಾದ ಅಳತೆಗೆ ಎಳೆದು ಸೂಜಿ ಚುಚ್ಚಿದರೆ, ನಮಗೆ ಬೇಕಾದ ಉತ್ತರವನ್ನು ನಾವೇ ಹೇಳಿಸಿದಂತೆ.

ಒಣಗಿದ ಮೇಲೆ 10ಕ್ಕೆ 10, ಅಂದರೆ ಮಾದರಿ ಕೇಳಿದ 22 ಸ್ಟಿಚ್, 30 ಸಾಲೇ. ಎರಡನೇ ಸಲ ತೊಳೆದೆ, ಮೂರನೇ ಸಲವೂ ತೊಳೆದೆ. ಬದಲಾಗಲಿಲ್ಲ. ಆಮೇಲೆ ಸ್ವಾಚಿನ ಮೇಲಂಚನ್ನು ಹಗ್ಗಕ್ಕೆ ಸಿಕ್ಕಿಸಿ, ಕೆಳಗೆ ನಾಲ್ಕು ಬಟ್ಟೆ ಕ್ಲಿಪ್ ಕಚ್ಚಿಸಿ ಒಂದು ರಾತ್ರಿ ಬಿಟ್ಟೆ. ಅರ್ಧ ಕಿಲೋ ತೂಗುವ ಸ್ವೆಟರ್ ಹೆಗಲಿನಿಂದ ಇಳಿಬಿದ್ದಾಗ ತನ್ನ ಭಾರವನ್ನು ತಾನೇ ಎಳೆಯುತ್ತದೆ. ಅಂಗೈಯಷ್ಟು ತುಂಡಿಗೆ ಆ ಅನುಭವ ಇರುವುದಿಲ್ಲ. ಬೆಳಿಗ್ಗೆ ಉದ್ದದಲ್ಲಿ 2 ಮಿಲಿಮೀಟರ್ ಜಾಸ್ತಿ ಇತ್ತು. ಬರೆದಿಟ್ಟುಕೊಂಡೆ.

ಕಡ್ಡಿ ಬದಲಿಸದೆ 4 ಮಿಲಿಮೀಟರಿನಲ್ಲೇ ಇದ್ದು, 228ರ ಬದಲು 208 ಸ್ಟಿಚ್ ಹಾಕಿದ್ದರೂ ಸುತ್ತಳತೆ 104 ಬರುತ್ತಿತ್ತು. ಅದನ್ನೂ ಯೋಚಿಸಿದೆ. ಆದರೆ ತೊಳೆದ ಹಳೆಯ ಸ್ವಾಚನ್ನು ಕಿಟಕಿಗೆ ಹಿಡಿದರೆ ಬೆಳಕು ಜರಡಿಯಲ್ಲಿ ಬಂದ ಹಾಗೆ ಬರುತ್ತಿತ್ತು. ಮ್ಯೂನಿಕ್‌ನ ಚಳಿಗೆ ಅದು ಸಾಲದು. ಹೊಸದು ತೊಳೆದ ಮೇಲೂ ಒತ್ತಾಗಿತ್ತು, ಕೈಯಲ್ಲಿ ಹಿಚುಕಿ ಬಿಟ್ಟರೆ ಮತ್ತೆ ಎದ್ದು ಕೂರುತ್ತಿತ್ತು. ಸೂಪರ್‌ವಾಶ್ ದಾರವನ್ನು ಸ್ವಲ್ಪ ಬಿಗಿಯಾಗಿಯೇ ಹೆಣೆಯಬೇಕು ಅನ್ನುವುದು ಈಗ ನನ್ನ ಗಟ್ಟಿ ಅಭಿಪ್ರಾಯ.

ಎರಡನೇ ಸಲ ಹೆಣೆಯುವಾಗ ಮನಸ್ಸನ್ನು ಹಿಡಿದುಕೊಳ್ಳುವುದೇ ಕಷ್ಟವಾಯಿತು. 114 ಸಾಲು ಮುಗಿದಾಗ ಟೇಪಿನಲ್ಲಿ ಬಂದದ್ದು 34.5 ಸೆಂಟಿಮೀಟರ್ ಮಾತ್ರ. ಹಳೆಯ ಸ್ವೆಟರ್ ಮೇಲೆ ಇಟ್ಟರೆ ಎರಡು ಬೆರಳು ಗಿಡ್ಡ. ಅಕ್ಕ ಮನೆಗೆ ಬಂದವಳು ನೋಡಿ, "ಇದೇನೇ, ಈ ಸಲ ಇಷ್ಟು ಚಿಕ್ಕದು ಮಾಡಿದೀಯಲ್ಲ, ಇನ್ನೂ ಹತ್ತು ಸಾಲು ಹಾಕು" ಅಂದಳು. ನನಗೂ ಹಾಗೇ ಅನ್ನಿಸುತ್ತಿತ್ತು. ತೊಳೆದ ಸ್ವಾಚನ್ನು ತಂದು ಅವಳ ಕೈಗೆ ಕೊಟ್ಟು, ಸಾಲು ಎಣಿಸಿ ತೋರಿಸಿದೆ. ಅಲ್ಲಿಂದ ಟೇಪನ್ನು ಒಳಗಿಟ್ಟು ಬರೀ ಸಾಲು ಎಣಿಸಿದೆ. ಹತ್ತು ಸಾಲಿಗೊಂದು ಗುರುತಿನ ಪಿನ್. ತೋಳಿನ ವಿಷಯದಲ್ಲಿ ಆ 2 ಮಿಲಿಮೀಟರ್ ನೆನಪಿಟ್ಟುಕೊಂಡು 138ರ ಬದಲು 136 ಸಾಲಿಗೆ ನಿಲ್ಲಿಸಿದೆ.

ನವೆಂಬರ್ ಕೊನೆಗೆ ಮುಗಿದು, ಮಷೀನಿನಲ್ಲಿ ತೊಳೆದು, ಒಣಗಿಸಿ ಅಳೆದಾಗ ಸುತ್ತಳತೆ 105, ಕಂಕುಳವರೆಗೆ 38.5, ತೋಳು 46. ಕುಣಿಕೆಗಳು ಚಿಕ್ಕದಾದ್ದರಿಂದ ಮೊದಲಿಗಿಂತ ದಾರ ಕಡಿಮೆ ಹಿಡಿಯಿತು. ಅರ್ಧ ಉಂಡೆ ಜಾಸ್ತಿಯೇ ಉಳಿಯಿತು.

ಕುತೂಹಲಕ್ಕೆ ಇನ್ನೊಂದು ಕೆಲಸ ಮಾಡಿದೆ. ಕುಲ್ಲು ಕಡೆಯಿಂದ ಯಾರೋ ತಂದುಕೊಟ್ಟಿದ್ದ, ಲೇಪವಿಲ್ಲದ ಒರಟು ಉಣ್ಣೆಯ ಒಂದು ಲಡಿ ಮನೆಯಲ್ಲಿತ್ತು. ಅದರಲ್ಲೂ ಸ್ವಾಚ್ ಹೆಣೆದು ಕೈಯಲ್ಲಿ ತೊಳೆದೆ. ಅದು ಹಿಗ್ಗಲಿಲ್ಲ, ಕೂದಲೆಳೆಯಷ್ಟು ಒಳಗೆ ಬಂತು. ಆದರೆ ದಾರ ಅರಳಿತು. ತೊಳೆಯುವ ಮುಂಚೆ ಸ್ಟಿಚ್‌ಗಳ ನಡುವೆ ಕಾಣುತ್ತಿದ್ದ ಸಂದುಗಳು ಮುಚ್ಚಿಕೊಂಡು, ಮೇಲ್ಮೈ ಮೆತ್ತಗೆ ತುಂಬಿಕೊಂಡಿತು. ನೀರಿಗೆ ಒಂದಿಷ್ಟು ಕಂದು ಬಣ್ಣವನ್ನೂ ಬಿಟ್ಟಿತು. ಅದನ್ನು ಬಿಳಿ ದಾರದ ಜೊತೆ ಪಟ್ಟೆ ಹಾಕಿ ಹೆಣೆಯುವ ಯೋಚನೆ ಇತ್ತು. ಕೈಬಿಟ್ಟೆ.

ಸ್ವೆಟರಿನ ಜೊತೆ ಉಳಿದ ದಾರದಲ್ಲಿ ಸ್ವಲ್ಪವನ್ನು ಮತ್ತು ತೊಳೆದ ಸ್ವಾಚನ್ನು ಒಂದು ಕವರಿನಲ್ಲಿ ಹಾಕಿ ಕಳಿಸಿದೆ. ಎಲ್ಲಾದರೂ ಕಿತ್ತರೆ ರಿಪೇರಿಗೆ ಬೇಕಾಗುತ್ತದೆ. ಜನವರಿಯಲ್ಲಿ ಅವನೇ ಟೇಪು ಹಿಡಿದು ಫೋನ್ ಮಾಡಿದ. ಮೂರು ಸಲ ಒಗೆದಾಗಿತ್ತಂತೆ. ಸುತ್ತಳತೆ ಹಾಗೇ ಇದೆ, ತೋಳು ಒಂದು ಸೆಂಟಿಮೀಟರ್ ಇಳಿದಿದೆ, ಮಣಿಕಟ್ಟಿನ ರಿಬ್ಬು ಹಿಡಿದುಕೊಳ್ಳುವುದರಿಂದ ಗೊತ್ತಾಗುವುದಿಲ್ಲ ಅಂದ. ನಾನು 47 ಅಂತ ಪುಸ್ತಕದಲ್ಲಿ ಬರೆದುಕೊಂಡೆ.